ಡೈರೆಕ್ಟರ್ "ನಾಟಕ ಜಾಸ್ತಿ ಆಯ್ತು" ಅನ್ನುತ್ತಾರೆ. ಕಡಿಮೆ ಮಾಡಬೇಕಾದ್ದು ಏನನ್ನು?

ಸೈಡ್‌ವಿಂಗ್ (ಮೈಸೂರು):
ಎಲ್ಲರಿಗೂ ನಮಸ್ಕಾರ. ಹವ್ಯಾಸಿ ತಂಡದಲ್ಲಿ ಬಹಳ ವರ್ಷದಿಂದ ನಾಟಕ ಮಾಡಿಕೊಂಡು ಬಂದವನು ನಾನು. ಈಗ ಒಂದು ಸಿನಿಮಾದಲ್ಲಿ ಅಪ್ಪನ ಪಾತ್ರ ಸಿಕ್ಕಿದೆ. ಚಿಕ್ಕದು, ಆದರೆ ಒಳ್ಳೆಯ ಪಾತ್ರ. ಮೊದಲ ಶೆಡ್ಯೂಲ್ ಮುಗಿಸಿ ಬಂದಿದ್ದೇನೆ. ತಲೆ ಕೆಟ್ಟಿದೆ.

ಪ್ರತಿ ಟೇಕ್ ಆದಮೇಲೂ ಡೈರೆಕ್ಟರ್ ಹೇಳುತ್ತಿದ್ದದ್ದು ಒಂದೇ ಮಾತು. "ಸರ್, ನಾಟಕ ಜಾಸ್ತಿ ಆಯ್ತು. ಸ್ವಲ್ಪ ಕಡಿಮೆ ಮಾಡಿ." ಸರಿ ಅಂತ ಕಡಿಮೆ ಮಾಡಿದೆ. ಆಗ "ಏನೂ ಬರ್ತಿಲ್ವಲ್ಲ ಸರ್" ಅಂದರು. ಕಡಿಮೆ ಮಾಡಬೇಕಾದ್ದು ದನಿಯನ್ನಾ, ಕೈಯನ್ನಾ, ಮುಖವನ್ನಾ, ಒಳಗಿನ ಸಂಕಟವನ್ನೇನಾ? ಅದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಮಗಳು ಮನೆ ಬಿಟ್ಟು ಹೋಗುವ ಸೀನನ್ನು ಮೊದಲ ದಿನವೇ ತೆಗೆದರು. ಮಗಳ ಪಾತ್ರದ ಹುಡುಗಿಯ ಪರಿಚಯ ಆದದ್ದೇ ಅವತ್ತು ಬೆಳಿಗ್ಗೆ. ತನ್ನ ಶಾಟ್‌ಗಳು ಮುಗಿದ ತಕ್ಷಣ ಅವಳು ಹೊರಟುಬಿಟ್ಟಳು. ನನ್ನ ಕ್ಲೋಸಪ್ ಹೊತ್ತಿಗೆ ಎದುರಿಗಿದ್ದದ್ದು ಒಂದು ಥರ್ಮಾಕೋಲ್ ಶೀಟು, ಪಕ್ಕದಲ್ಲಿ ಅವಳ ಡೈಲಾಗ್ ಓದುವ ಅಸಿಸ್ಟೆಂಟ್ ಹುಡುಗ. ಅವನು ಓದಿದ್ದು ರೇಷನ್ ಅಂಗಡಿಯಲ್ಲಿ ಹೆಸರು ಕೂಗುವ ಧಾಟಿಯಲ್ಲಿ. ನಾಟಕದಲ್ಲಿ ವಾರಗಟ್ಟಲೆ ತಾಲೀಮು ಮಾಡಿ ನಿಧಾನಕ್ಕೆ ಅಪ್ಪ-ಮಗಳು ಆಗುತ್ತೇವೆ. ಇಲ್ಲಿ ಹೇಗೆ? ಮುಂದಿನ ಶೆಡ್ಯೂಲ್ ಒಳಗೆ ಏನಾದರೂ ಕಲಿಯಬೇಕು. ಎರಡೂ ಕಡೆ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಸುಮ್ನೆ_ಬಂದೆ:
"ಕಡಿಮೆ ಮಾಡಿ" ಅಂದದ್ದು ಪೇಮೆಂಟ್ ಬಗ್ಗೆ ಇರಬಹುದು, ನೋಡ್ಕೊಳ್ಳಿ ಸರ್.

ಕ್ಲಾಪ್_ಹುಡುಗ:
ಅಸೋಸಿಯೇಟ್ ಡೈರೆಕ್ಟರ್ ಆಗಿ ಕೆಲಸ ಮಾಡುತ್ತೇನೆ, ಸೆಟ್ ಕಡೆಯಿಂದ ಹೇಳುತ್ತೇನೆ. "ಕಡಿಮೆ ಮಾಡಿ" ಅನ್ನುವುದು ನಮ್ಮವರ ಸೋಮಾರಿ ಸೂಚನೆ. ಮಾನಿಟರ್‌ನಲ್ಲಿ ಏನೋ ಸರಿ ಕಾಣುತ್ತಿಲ್ಲ, ಏನು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಆಗ ಬಾಯಿಗೆ ಬರುವುದು ಇದೇ.

ನೀವು ಮಾಡಬೇಕಾದ ಮೊದಲ ಕೆಲಸ: ಶಾಟ್‌ಗೆ ಮುಂಚೆ ಫ್ರೇಮ್ ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ. ರಂಗಮಂದಿರದಲ್ಲಿ ನೋಡುವವರು ಎಷ್ಟು ದೂರ ಅನ್ನುವುದು ಇಡೀ ಸಂಜೆ ಬದಲಾಗುವುದಿಲ್ಲ. ಸಿನಿಮಾದಲ್ಲಿ ಅದು ಶಾಟ್‌ನಿಂದ ಶಾಟ್‌ಗೆ ಬದಲಾಗುತ್ತದೆ. ವೈಡ್ ಇದ್ದರೆ ನೀವು ಅಂಗಳದ ಆ ತುದಿಯಲ್ಲಿ ಇರುತ್ತೀರಿ, ಮೈಯೆಲ್ಲ ಬಳಸಿ, ನಾಟಕದ ಹಾಗೇ ಮಾಡಿ. ಸೊಂಟದವರೆಗೆ ಇದ್ದರೆ ಕೈ ಲೆಕ್ಕಕ್ಕೆ ಬರುತ್ತದೆ. ಕ್ಲೋಸಪ್ ಆದರೆ ನೋಡುವವನು ನಿಮ್ಮಿಂದ ಒಂದು ಗೇಣು ದೂರದಲ್ಲಿ ಇದ್ದಾನೆ, ಅದೂ ಥಿಯೇಟರಿನಲ್ಲಿ ಮೂವತ್ತು ಅಡಿ ಅಗಲದ ಮುಖ. ಹುಬ್ಬು ಏರಿಸಿದರೆ ಅದೇ ಒಂದು ಘಟನೆ.

ಹಳೇ_ಕಂಪನಿ:
"ನಾಟಕ ಜಾಸ್ತಿ" ಅನ್ನುವುದು ಯಾವಾಗಿನಿಂದ ಬೈಗುಳ ಆಯಿತು ಸ್ವಾಮಿ? ಕನ್ನಡ ಸಿನಿಮಾ ಕಣ್ಣು ಬಿಟ್ಟದ್ದೇ ಕಂಪನಿ ನಾಟಕದ ತೊಡೆಯ ಮೇಲೆ. 1954ರ ಬೇಡರ ಕಣ್ಣಪ್ಪ ನೋಡಿ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ಮಾತಿಗೆ ಮಾತು ಕೊಡುತ್ತಿದ್ದರು. ಅಂಥ ಗಮನ ಈಗಿನ ಯಾವ ವರ್ಕ್‌ಶಾಪ್ ಕೊಡುತ್ತದೆ? ಕ್ಯಾಮೆರಾ ಏನೂ ತಕರಾರು ಮಾಡಲಿಲ್ಲವಲ್ಲ.

ಕತ್ತರಿ_ಕೆಲಸ:
@ಹಳೇ_ಕಂಪನಿ ಸರ್, ಕ್ಯಾಮೆರಾ ತಕರಾರು ಮಾಡಲಿಲ್ಲ ನಿಜ. ಆಗ ಅದು ದೂರ ನಿಂತಿತ್ತು. ಆ ಕಾಲದ ಬಹಳಷ್ಟು ಸೀನ್‌ಗಳಲ್ಲಿ ಮೂರು ನಾಲ್ಕು ಜನ ಸಾಲಾಗಿ ನಿಂತು ಮಾತಾಡುತ್ತಾರೆ, ಫ್ರೇಮ್ ಹೆಚ್ಚುಕಡಿಮೆ ರಂಗದ ಅಳತೆಯದೇ. ರಾಜ್‌ಕುಮಾರ್ ಅವರೇ ಹಾಗೇ ಉಳಿಯಲಿಲ್ಲ. ಕಣ್ಣಪ್ಪನನ್ನು ನೋಡಿ, ಆಮೇಲೆ 1971ರ ಕಸ್ತೂರಿ ನಿವಾಸ ನೋಡಿ. ಅದೇ ಮನುಷ್ಯ, ಆದರೆ ಎರಡನೆಯದರಲ್ಲಿ ಸುಮ್ಮನೆ ಇರುವುದನ್ನು ಕಲಿತಿದ್ದಾರೆ. ಮಾತು ಮುಗಿದ ಮೇಲೂ ಮುಖ ಕೆಲಸ ಮಾಡುತ್ತಿರುತ್ತದೆ.

ಹಳೇ_ಕಂಪನಿ:
ಸುಮ್ಮನೆ ಇರುವುದನ್ನೂ ಅವರು ಕಲಿತದ್ದು ಕಂಪನಿಯಲ್ಲೇ. ದೊಡ್ಡ ನಟ ಮಾತಾಡುವಾಗ ಚಿಕ್ಕ ಪಾತ್ರದವನು ಅಲುಗಾಡಿದರೆ ಒಳಗೆ ಬಂದ ಮೇಲೆ ಬೆನ್ನಿಗೆ ಬೀಳುತ್ತಿತ್ತು.

ಬೂಮ್_ಹಿಡಿಯೋನು:
ಎಲ್ಲರೂ ಮುಖದ ಬಗ್ಗೆ ಮಾತಾಡುತ್ತಿದ್ದೀರಿ. ದನಿಯ ಕಥೆ ಕೇಳಿ. ನಾನು ಸೌಂಡ್ ರೆಕಾರ್ಡಿಂಗ್‌ನವನು.

ನಾಟಕದವರ ದನಿ ಕೊನೆಯ ಸಾಲಿಗೆ ಮುಟ್ಟಬೇಕು, ಅಭ್ಯಾಸ ಆಗಿಬಿಟ್ಟಿರುತ್ತದೆ. ಸೆಟ್‌ನಲ್ಲಿ ಕೊನೆಯ ಸಾಲು ನಿಮ್ಮ ಎದೆಯ ಮೇಲಿದೆ. ಲೇಪಲ್ ಮೈಕು ಗುಂಡಿಯ ಹಿಂದೆ ಸಿಕ್ಕಿಸಿರುತ್ತೇವೆ. ಹಿಂದೆ ಈ ತೊಂದರೆ ಇರಲಿಲ್ಲ. ಆರಿಫ್ಲೆಕ್ಸ್ 2ಸಿ ಥರದ ಕ್ಯಾಮೆರಾಗಳು ಗರಗರ ಅನ್ನುತ್ತಿದ್ದವು. ಸೆಟ್‌ನ ಸೌಂಡ್ ಬರೀ ಗುರುತಿಗೆ, ಎಲ್ಲವನ್ನೂ ಆಮೇಲೆ ಡಬ್ ಮಾಡಬೇಕಿತ್ತು. ಮುಖ ಒಂದು ದಿನ ಅಭಿನಯಿಸಿದರೆ ಗಂಟಲು ತಿಂಗಳುಗಳಾದ ಮೇಲೆ ಕತ್ತಲ ರೂಮಿನಲ್ಲಿ ಅಭಿನಯಿಸುತ್ತಿತ್ತು. ಈಗ ಸಿಂಕ್ ಸೌಂಡ್ (ಶೂಟಿಂಗ್ ಜೊತೆಗೇ ದನಿ ಹಿಡಿಯುವುದು) ಆದರೆ ಸೆಟ್‌ನಲ್ಲಿ ಕೊಟ್ಟದ್ದೇ ಉಳಿಯುತ್ತದೆ.

ರಂಗಭೂಮಿಯವರಲ್ಲಿ ನಾನು ಕಂಡ ಎರಡು ಕಷ್ಟ. ರಿಹರ್ಸಲ್‌ನಲ್ಲಿ ಗೊಣಗಿ, ಟೇಕ್‌ನಲ್ಲಿ ಹತ್ತು ಪಟ್ಟು ಏರಿಸುತ್ತಾರೆ. ನಾನು ಲೆವೆಲ್ ಇಟ್ಟಿರುವುದು ರಿಹರ್ಸಲ್‌ಗೆ, ಟೇಕ್‌ನಲ್ಲಿ ದನಿ ಒಡೆದು ಹೋಗುತ್ತದೆ. ಆಮೇಲೆ ಎದುರಿನವರ ಮಾತಿನ ಬಾಲ ಹಿಡಿದೇ ತಮ್ಮ ಮಾತು ಎತ್ತುತ್ತಾರೆ. ನಾಟಕದಲ್ಲಿ ಅದೇ ಸರಿ, ನಡುವೆ ಖಾಲಿ ಬಿಟ್ಟರೆ ಪ್ರಯೋಗ ಬಿದ್ದುಹೋಗುತ್ತದೆ. ಕ್ಲೋಸಪ್‌ನಲ್ಲಿ ಮಾತಿನ ಮೇಲೆ ಮಾತು ಬಿದ್ದರೆ ಎಡಿಟರ್‌ಗೆ ಕತ್ತರಿ ಹಾಕಲು ಜಾಗ ಇರುವುದಿಲ್ಲ. ಒಂದು ಉಸಿರಿನಷ್ಟು ಗ್ಯಾಪ್ ಕೊಡಿ.

ಕತ್ತರಿ_ಕೆಲಸ:
ಆ ಗ್ಯಾಪ್‌ಗೆ ನನ್ನ ಸಾಷ್ಟಾಂಗ ನಮಸ್ಕಾರ.

ಮಲೆನಾಡ_ಹುಡುಗಿ:
ನನಗೆ ಈ "ಕಡಿಮೆ-ಜಾಸ್ತಿ" ಲೆಕ್ಕವೇ ಒಪ್ಪಿಗೆ ಇಲ್ಲ. ನಾಟಕ ಶಾಲೆಯಲ್ಲಿ ಕಲಿತವಳು, ಈಗ ವೆಬ್ ಸೀರೀಸ್‌ಗಳಲ್ಲಿ ಮಾಡುತ್ತಿದ್ದೇನೆ. ಕಡಿಮೆ ಮಾಡಿ ಮಾಡಿ ಈಗ ಎಲ್ಲರೂ ಪಿಸುಗುಟ್ಟುತ್ತಿದ್ದಾರೆ. ಮುಖ ಕಲ್ಲು, ದನಿ ಗಾಳಿ, ಅದಕ್ಕೆ "ಸಹಜ ಅಭಿನಯ" ಅಂತ ಹೆಸರು. ನಮ್ಮಜ್ಜಿ ಸಹಜವಾಗಿಯೇ ಮೂರು ಮನೆಗೆ ಕೇಳುವ ಹಾಗೆ ಮಾತಾಡುತ್ತಿದ್ದಳು. ಅವಳ ಪಾತ್ರ ನನಗೆ ಸಿಕ್ಕಿದರೆ ಪಿಸುಗುಟ್ಟಬೇಕಾ?

ರಂಗಾಯಣ ರಘು ಅವರು ಜೋರಾಗಿಯೇ ಮಾಡುತ್ತಾರೆ, ಅಚ್ಯುತ್ ಕುಮಾರ್ ಮೆತ್ತಗೆ ಮಾಡುತ್ತಾರೆ. ಇಬ್ಬರೂ ರಂಗಭೂಮಿಯಿಂದ ಬಂದವರೇ, ಇಬ್ಬರನ್ನೂ ಜನ ಒಪ್ಪಿದ್ದಾರೆ. ವ್ಯತ್ಯಾಸ ಸದ್ದಿನಲ್ಲಿ ಇಲ್ಲ. ರಂಗದ ಮೇಲೆ ನೋಡುವವನ ಕಣ್ಣನ್ನು ನಾನು ಎಳೆದುಕೊಳ್ಳಬೇಕು. ಅವನು ಎಲ್ಲಿ ಬೇಕಾದರೂ ನೋಡಬಹುದು, ಮೂಲೆಯಲ್ಲಿ ನಿಂತ ಸೈನಿಕನ ಪಂಚೆಯನ್ನೂ ನೋಡಬಹುದು. ಹಾಗಾಗಿ ನಾನು ಸದಾ "ಇಲ್ಲಿ ನೋಡಿ" ಅಂತ ಏನಾದರೂ ಮಾಡುತ್ತಿರುತ್ತೇನೆ. ಕ್ಯಾಮೆರಾ ಆ ಕೆಲಸವನ್ನು ಆಗಲೇ ಮಾಡಿಬಿಟ್ಟಿದೆ. ಬೇರೆ ಎಲ್ಲೂ ನೋಡಲು ಬಿಡುವುದೇ ಇಲ್ಲ. @ಸೈಡ್‌ವಿಂಗ್ ಸರ್, ಬಿಡಬೇಕಾದ್ದು ಆ ಕರೆಯುವ ಕೆಲಸವನ್ನು ಮಾತ್ರ. ಸಂಕಟವನ್ನು ಪೂರ್ತಿ ಇಟ್ಟುಕೊಳ್ಳಿ. ನೀವು ಎರಡನ್ನೂ ಒಟ್ಟಿಗೆ ಕೈಬಿಟ್ಟಿರಿ ಅನ್ನಿಸುತ್ತದೆ, ಅದಕ್ಕೇ "ಏನೂ ಬರ್ತಿಲ್ಲ" ಅಂದಿದ್ದಾರೆ.

ಸೈಡ್‌ವಿಂಗ್ (ಮೈಸೂರು):
ಮೇಡಂ, ಇದು ನಾಟಿತು. ಆದರೆ @ಕ್ಲಾಪ್_ಹುಡುಗ, ನನ್ನಂಥ ಸಣ್ಣ ಪಾತ್ರದವನು ಪ್ರತಿ ಶಾಟ್‌ಗೂ ಫ್ರೇಮ್ ಕೇಳಿದರೆ "ಇವನದ್ದೇನು ದೊಡ್ಡಸ್ತಿಕೆ" ಅನ್ನುವುದಿಲ್ಲವಾ?

ಕ್ಲಾಪ್_ಹುಡುಗ:
ಡೈರೆಕ್ಟರ್‌ನನ್ನು ಕೇಳಬೇಡಿ ಸರ್, ಅವರ ತಲೆಯಲ್ಲಿ ಊಟ ಬಂತಾ ಅನ್ನುವುದರಿಂದ ಹಿಡಿದು ಬೆಳಕು ಹೋಗುತ್ತಿದೆ ಅನ್ನುವವರೆಗೆ ನೂರು ಇರುತ್ತದೆ. ಫೋಕಸ್ ಪುಲ್ಲರ್‌ನ ಸ್ನೇಹ ಮಾಡಿಕೊಳ್ಳಿ. ನಿಮ್ಮ ಮೂಗಿಗೆ ಟೇಪ್ ಹಿಡಿದು ಅಳತೆ ತೆಗೆದುಕೊಳ್ಳಲು ಬರುತ್ತಾನಲ್ಲ, ಅವನೇ. "ಎಷ್ಟು ಲೆನ್ಸ್ ತಮ್ಮಾ?" ಅಂದರೆ ಖುಷಿಯಾಗಿ ಹೇಳುತ್ತಾನೆ. 85 ಎಂಎಂ ಅಂದರೆ ಟೈಟ್, ಮುಖದ ಹತ್ತಿರದ ಫ್ರೇಮ್. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬಿಡುವ ಕಿಂಡಿ) ತೆರೆದಿದ್ದರೆ ಫೋಕಸ್ ಇರುವುದು ಕೆಲವೇ ಇಂಚು. ಭಾವ ಉಕ್ಕಿ ನೀವು ಅರ್ಧ ಹೆಜ್ಜೆ ಮುಂದೆ ವಾಲಿದರೆ ಕಣ್ಣೀರು ಬರುತ್ತದೆ, ಆದರೆ ಮಬ್ಬಾಗಿ. ಟೇಕ್ ವೇಸ್ಟ್.

ಹುಬ್ಬಳ್ಳಿ_ಮಂದಿ:
ತಿಥಿ ಸಿನಿಮಾ ನೋಡ್ರಿ. ಅದರಾಗ ನಾಟಕದವರೂ ಇಲ್ಲ, ಸಿನಿಮಾದವರೂ ಇಲ್ಲ. ಮಂಡ್ಯ ಕಡೆಯ ನೊದೆಕೊಪ್ಪಲು ಊರಿನ ಮಂದಿಯೇ ಪಾತ್ರ ಮಾಡ್ಯಾರ. 2015ರಲ್ಲಿ ಲೊಕಾರ್ನೊದಾಗ ಪ್ರಶಸ್ತಿ ಬಂತು. ಗಡ್ಡಪ್ಪ ನಡಕೊಂತ ಹೋದರೆ ಸಾಕು, ಕಣ್ಣು ಕೀಳಾಕ ಆಗೂದಿಲ್ಲ. ಅಂದಮೇಲೆ ಇಷ್ಟೆಲ್ಲ ತರಬೇತಿ ಯಾಕ ಬೇಕು?

ಹಳೇ_ಕಂಪನಿ:
ಆ ಗಡ್ಡಪ್ಪನಿಗೆ ತುಘಲಕ್ ಮಾಡಲು ಹೇಳಿ ನೋಡೋಣ. ಸಿ.ಆರ್. ಸಿಂಹ ಎರಡು ಗಂಟೆಗೂ ಮೇಲೆ ಆ ಹುಚ್ಚು ದೊರೆಯನ್ನು ಹೊತ್ತು ನಿಲ್ಲುತ್ತಿದ್ದರು. ನಡುವೆ ಕಟ್ ಇಲ್ಲ, ಒನ್ ಮೋರ್ ಇಲ್ಲ.

ಮಲೆನಾಡ_ಹುಡುಗಿ:
@ಹುಬ್ಬಳ್ಳಿ_ಮಂದಿ ಅಣ್ಣಾ, ಆ ಊರಿನವರು ತಮ್ಮ ನಡಿಗೆ, ತಮ್ಮ ಮಾತು, ತಮ್ಮ ಮಣ್ಣಿನಲ್ಲಿ ಇದ್ದರು. ಕ್ಯಾಮೆರಾ ಅವರ ಬಳಿ ಹೋಯಿತು. ನಟ ಅಂದರೆ ತನ್ನದಲ್ಲದ ನಡಿಗೆಯನ್ನು ತನ್ನದು ಮಾಡಿಕೊಳ್ಳುವವನು. ಒಡಲಾಳ ನಾಟಕದಲ್ಲಿ ಉಮಾಶ್ರೀ ಚಿಕ್ಕ ವಯಸ್ಸಿನಲ್ಲೇ ಮುದುಕಿ ಸಾಕವ್ವ ಆಗಿದ್ದರು, ಜನ ನಂಬಿದರು. ರಂಗದ ಮೇಲೆ ಬೆನ್ನು ಬಾಗಿಸಿದರೆ, ದನಿ ಬದಲಿಸಿದರೆ ವಯಸ್ಸು ಬರುತ್ತದೆ. ಕ್ಲೋಸಪ್‌ನಲ್ಲಿ ಚರ್ಮ ಬಾಯಿಬಿಡುತ್ತದೆ. ಹಾಗಾಗಿ ಸಿನಿಮಾದವರು ಮೊದಲು ಮುಖವನ್ನು ಹುಡುಕುತ್ತಾರೆ, ಆಮೇಲೆ ನಟನನ್ನು. ಮುಂದೆ ಅದೇ ಉಮಾಶ್ರೀ ಅವರಿಗೆ ಗುಲಾಬಿ ಟಾಕೀಸ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಅವರು ಮುಖವನ್ನು ಎಷ್ಟು ಸಡಿಲ ಬಿಟ್ಟಿದ್ದಾರೆ ನೋಡಿ.

ಹುಬ್ಬಳ್ಳಿ_ಮಂದಿ:
ಸರಿ ಬಿಡವ್ವಾ, ಒಪ್ಪಿದೆ. ಅರ್ಧ.

ಕತ್ತರಿ_ಕೆಲಸ:
ಎಡಿಟಿಂಗ್ ಟೇಬಲ್‌ನವರ ಗುಟ್ಟು ಹೇಳುತ್ತೇನೆ, ನಟರು ಬೇಜಾರು ಮಾಡಿಕೊಳ್ಳಬೇಡಿ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಕುಲೆಶೋವ್ ಅನ್ನುವವನು ಒಂದು ಪ್ರಯೋಗ ಮಾಡಿದ. ಒಬ್ಬ ನಟನ ಏನೂ ಭಾವ ಇಲ್ಲದ ಮುಖ. ಅದರ ಪಕ್ಕ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರು "ಆಹಾ, ಹಸಿವು ಎಷ್ಟು ಚೆನ್ನಾಗಿ ಮಾಡಿದ, ದುಃಖ ಎಷ್ಟು ಚೆನ್ನಾಗಿ ಮಾಡಿದ" ಅಂದರಂತೆ. ಮುಖ ಮಾತ್ರ ಅದೇ. ಸಿನಿಮಾದಲ್ಲಿ ಅರ್ಧ ಅಭಿನಯ ನಾವು ಮಾಡುತ್ತೇವೆ.

ಹಳೇ_ಕಂಪನಿ:
ಹಾಗಾದರೆ ನಟ ಯಾಕೆ? ಬಟ್ಟೆ ಅಂಗಡಿ ಗೊಂಬೆ ತಂದು ನಿಲ್ಲಿಸಿ.

ಪುಟ_ತಿರುಗಿಸಿ:
ಸಣ್ಣ ತಿದ್ದುಪಡಿ. ಆ ತುಣುಕು ಈಗ ಉಳಿದಿಲ್ಲ. ಯಾವ ಯಾವ ಚಿತ್ರ ಜೋಡಿಸಿದ್ದರು ಅನ್ನುವುದನ್ನೇ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹೆಂಗಸಿನ ಬದಲು ಆಟವಾಡುವ ಮಗು ಅನ್ನುವವರೂ ಇದ್ದಾರೆ. ಅಲ್ಲದೆ ಆ ನಟ ಮೊಜ್ಜುಖಿನ್ ಯಾರೋ ದಾರಿಹೋಕ ಅಲ್ಲ, ಆಗಲೇ ರಷ್ಯಾದ ದೊಡ್ಡ ಸ್ಟಾರ್. ಅವನ ಸುಮ್ಮನಿರುವ ಮುಖ ಬೇರೆ, ನನ್ನ ನಿಮ್ಮ ಸುಮ್ಮನಿರುವ ಮುಖ ಬೇರೆ.

ಕತ್ತರಿ_ಕೆಲಸ:
ಆದರೂ ದಿನಾ ನನ್ನ ಟೇಬಲ್ ಮೇಲೆ ಅದೇ ಆಗುತ್ತದೆ. ಡೈಲಾಗ್ ಹೇಳುವ ಶಾಟ್‌ಗಿಂತ ಕೇಳಿಸಿಕೊಳ್ಳುವ ಶಾಟ್ ನನಗೆ ಹೆಚ್ಚು ಬೆಲೆ. @ಸೈಡ್‌ವಿಂಗ್, ನಿಮ್ಮ ಪಾತ್ರ ದೊಡ್ಡದಾಗಿ ಕಾಣಬೇಕು ಅಂದರೆ ಚೆನ್ನಾಗಿ ಕೇಳಿಸಿಕೊಳ್ಳಿ. "ಕಟ್" ಅನ್ನುವವರೆಗೂ ಪಾತ್ರ ಬಿಡಬೇಡಿ. ಮಾತು ಮುಗಿದ ಕೂಡಲೇ ಡೈರೆಕ್ಟರ್ ಮುಖ ನೋಡುತ್ತೀರಲ್ಲ, "ಸರಿ ಬಂತಾ" ಅಂತ, ಅದು ನನ್ನ ಎಷ್ಟೋ ಶಾಟ್ ಕೊಂದಿದೆ.

ಕಡಲತಡಿ:
ನಮ್ಮ ಯಕ್ಷಗಾನವನ್ನು ಟೀವಿಯಲ್ಲಿ ನೋಡಿದಾಗ ಇದೇ ಕಷ್ಟ ಮಾರಾಯ್ರೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟದ್ದು ರಾತ್ರಿಯ ಬೆಳಕಿಗೆ, ಗದ್ದೆಯ ಆಚೆ ಕೂತವನಿಗೆ. ಎಚ್‌ಡಿ ಕ್ಯಾಮೆರಾ ಮೂಗಿನ ಹತ್ತಿರ ಹೋದರೆ ಅಕ್ಕಿ ಹಿಟ್ಟಿನ ಬಿರುಕು, ಬೆವರು ಎಲ್ಲ ಕಾಣುತ್ತದೆ. ರಾಕ್ಷಸ ಹೋಗಿ ಪಾಪದ ಮನುಷ್ಯ ಕಾಣುತ್ತಾನೆ. ಮತ್ತೆ ಕ್ಯಾಮೆರಾದವ ಕುಣಿತದ ಹೊತ್ತಿಗೆ ಮುಖ ತೋರಿಸುತ್ತಾನೆ, ಕಾಲು ಎಲ್ಲಿ?

ಘಟ್ಟದ_ಮೇಲೆ:
ಬಡಗುತಿಟ್ಟಿನ ಯಕ್ಷಗಾನದಲ್ಲಾದರೆ ಮುಖವೂ ನೋಡಬಹುದು. ತೆಂಕುತಿಟ್ಟಿನವರದ್ದು ಕ್ಲೋಸಪ್ ಕಷ್ಟವೇ.

ಕಡಲತಡಿ:
ಶುರು ಮಾಡಿದಿರಾ?

ಮಾಡರೇಟರ್:
ತೆಂಕು-ಬಡಗು ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ಹೋಗಿ. ಇಲ್ಲಿ ಮುಂದುವರಿದರೆ ಅಳಿಸುತ್ತೇನೆ.

ದಿನಕ್ಕೊಂದು_ಎಪಿಸೋಡ್:
ಸಿನಿಮಾ ಪುಣ್ಯ ಮಾಡಿತ್ತು, ಸೀರಿಯಲ್‌ಗೆ ಬನ್ನಿ. ಡೈಲಾಗ್ ಪೇಪರ್ ಬರುವುದು ಮೇಕಪ್ ಹಾಕಿಕೊಳ್ಳುವಾಗ. ಕೆಲವೊಮ್ಮೆ ಅದೂ ಇಲ್ಲ. ಕ್ಯಾಮೆರಾ ಪಕ್ಕದಿಂದ ಅಸಿಸ್ಟೆಂಟ್ ಪ್ರಾಂಪ್ಟ್ ಮಾಡುತ್ತಾನೆ, ನಾವು ಅದನ್ನೇ ಹಿಂದೆಯೇ ಹೇಳಬೇಕು. ಮುಂದಿನ ಸಾಲು ಏನು ಅಂತ ನಮಗೇ ಗೊತ್ತಿರುವುದಿಲ್ಲ. ಅತ್ತೆ ಬೈಯುತ್ತಿದ್ದರೆ ನನ್ನ ಕಿವಿ ಅತ್ತೆಯ ಕಡೆ ಇಲ್ಲ, ಪ್ರಾಂಪ್ಟರ್ ಕಡೆ ಇದೆ. ಮೇಲೆ @ಕತ್ತರಿ_ಕೆಲಸ ಹೇಳಿದ "ಕೇಳಿಸಿಕೊಳ್ಳುವುದು" ಇಲ್ಲೇ ಸಾಯುತ್ತದೆ. ಆದರೂ ಇದರಿಂದ ಮನೆ ನಡೆಯುತ್ತಿದೆ. ಬೈಯುವವರು ಅದನ್ನೂ ನೆನಪಿಟ್ಟುಕೊಳ್ಳಿ.

ಹಳೇ_ಕಂಪನಿ:
ಪ್ರಾಂಪ್ಟರ್ ನಮ್ಮಲ್ಲೂ ಇರುತ್ತಿದ್ದ ತಾಯಿ, ಸೈಡ್ ವಿಂಗ್‌ನಲ್ಲಿ ಪುಸ್ತಕ ಹಿಡಿದು. ಆದರೆ ಅವನು ಮರೆತಾಗ ಎತ್ತಿಕೊಡುವುದಕ್ಕೆ. ಇಲ್ಲಿ ನೆನಪಿಟ್ಟುಕೊಳ್ಳಲು ಬಿಡುವುದೇ ಇಲ್ಲ.

ಬಫಲೋ_ಕನ್ನಡಿಗ:
ನಮ್ಮ ಕನ್ನಡ ಕೂಟದ ನಾಟಕವನ್ನು ಪ್ರತಿ ಸಲ ವಿಡಿಯೋ ಮಾಡುತ್ತೇವೆ, ಪ್ರತಿ ಸಲ ಕೆಟ್ಟದಾಗಿ ಬರುತ್ತದೆ. ಹಾಲ್‌ನಲ್ಲಿ ಜನ ಬಿದ್ದು ಬಿದ್ದು ನಕ್ಕಿರುತ್ತಾರೆ. ವಿಡಿಯೋದಲ್ಲಿ ನಾವೆಲ್ಲ ಸುಮ್ನೆ ಕಿರುಚುತ್ತಿರುವ ಹಾಗಿರುತ್ತದೆ. ಯಾಕೆ?

ಮಲೆನಾಡ_ಹುಡುಗಿ:
ಕ್ಯಾಮೆರಾ ಹತ್ತನೇ ಸಾಲಿನಲ್ಲಿ ಕೂತಿದೆ, ಆದರೆ ಅದು ನಗುವುದಿಲ್ಲ. ರಂಗದ ಮೇಲಿನ ಹಾಸ್ಯ ಜನ ಮತ್ತು ನಟ ಸೇರಿ ಮಾಡುವುದು. ನಗು ಏರುವಾಗ ತಡೆದು, ಇಳಿಯುವಾಗ ಮುಂದಿನ ಮಾತು ಬಿಡುತ್ತೇವೆ. ಮಾಸ್ಟರ್ ಹಿರಣ್ಣಯ್ಯ ಲಂಚಾವತಾರದಲ್ಲಿ ಅವತ್ತಿನ ಪೇಪರ್ ಸುದ್ದಿಯನ್ನೇ ಮಾತಿಗೆ ಸೇರಿಸಿಬಿಡುತ್ತಿದ್ದರು, ಎದುರಿನ ಸಾಲಿನ ಮಂತ್ರಿಗಳನ್ನೂ ಬಿಡುತ್ತಿರಲಿಲ್ಲ. ಕ್ಯಾಮೆರಾ ಮುಂದೆ ನಗು ಎಲ್ಲಿ ಬರುತ್ತದೆ ಅಂತ ಊಹಿಸಿ ಮಾಡಬೇಕು. ಯೂನಿಟ್ ಹುಡುಗರು ನಗುವ ಹಾಗಿಲ್ಲ, ಸಿಂಕ್ ಸೌಂಡ್ ಇದ್ದರಂತೂ ಕೆಮ್ಮುವ ಹಾಗೂ ಇಲ್ಲ. ಅದೊಂದು ಒಂಟಿತನ. ನನಗೆ ಇನ್ನೂ ಅಭ್ಯಾಸ ಆಗಿಲ್ಲ.

ಬಾಲ್ಕನಿ_ಸೀಟು:
ತಿರುಗಾ ಮುರುಗಾ ಕಥೆ ಯಾರೂ ಹೇಳಲಿಲ್ಲ. ಬೆಂಗಳೂರಲ್ಲಿ ಒಬ್ಬ ಸಿನಿಮಾ ನಟ (ಹೆಸರು ಬೇಡ) ನಾಟಕ ಮಾಡಿದ್ದನ್ನು ನೋಡಿದೆ. ಮುಖ ಅದ್ಭುತ, ಮುಂದಿನ ಎರಡು ಸಾಲಿಗೆ. ಮೂರನೇ ಸೀನ್‌ಗೆ ಹಿಂದಿನಿಂದ "ಕೇಳಿಸ್ತಿಲ್ಲ ಸಾರ್" ಅಂತ ಕೂಗಿದರು. ಕಾಲನ್ನು ಏನು ಮಾಡಬೇಕು ಅಂತ ಅವರಿಗೆ ತಿಳಿಯುತ್ತಲೇ ಇರಲಿಲ್ಲ, ಪಾಪ. ಮುನ್ನೂರು ಚಿಲ್ಲರೆ ಸೀಟಿನ ರಂಗಶಂಕರದಂಥ ಜಾಗದಲ್ಲಿ ಬಚಾವಾಗಬಹುದಿತ್ತು. ಇದು ದೊಡ್ಡ ಹಾಲ್.

ಹಳೇ_ಕಂಪನಿ:
ಹಾ! ಅವರಿಗೆ ಯಾರಾದರೂ "ಸಿನಿಮಾ ಜಾಸ್ತಿ ಆಯ್ತು" ಅಂದರಾ?

ಕ್ಲಾಪ್_ಹುಡುಗ:
@ಸೈಡ್‌ವಿಂಗ್ ಸರ್, ನಿಮ್ಮ ಥರ್ಮಾಕೋಲ್ ಪ್ರಶ್ನೆ ಹಾಗೇ ಉಳಿದಿದೆ. ಮುಂದಿನ ಸಲ ಆ ಹುಡುಗಿಗೆ ಮೊದಲೇ ಹೇಳಿ, "ನನ್ನ ಕ್ಲೋಸಪ್‌ಗೂ ಸ್ವಲ್ಪ ನಿಂತು ಮಾತು ಕೊಡಮ್ಮಾ" ಅಂತ. ಬಹಳಷ್ಟು ಜನ ನಿಲ್ಲುತ್ತಾರೆ, ಯಾರೂ ಕೇಳುವುದಿಲ್ಲ ಅಷ್ಟೇ. ಅವಳ ಶಾಟ್‌ಗೆ ನೀವು ಸಜೆಷನ್‌ನಲ್ಲಿ (ಫ್ರೇಮಿನ ಅಂಚಿನಲ್ಲಿ ಭುಜವಷ್ಟೇ ಕಾಣುವ ಹಾಗೆ ನಿಂತು) ಬರೀ ಬೆನ್ನು ಕೊಡುತ್ತಿದ್ದರೂ ಪೂರ್ತಿ ಅಭಿನಯ ಕೊಡಿ, ಅವಳೂ ಹಾಗೇ ಮಾಡುತ್ತಾಳೆ. ಎದುರಿಗೆ ಮನುಷ್ಯರು ಇದ್ದರೆ ಕ್ಯಾಮೆರಾಗೆ ಹತ್ತಿರದ ಕಣ್ಣೊಂದನ್ನೇ ನೋಡಿ. ಎರಡೂ ಕಣ್ಣಿಗೆ ನೋಟ ಓಡಾಡಿಸಿದರೆ ಕ್ಲೋಸಪ್‌ನಲ್ಲಿ ಗಾಬರಿ ಥರ ಕಾಣುತ್ತದೆ.

ಕಂಟಿನ್ಯೂಟಿ ಬಗ್ಗೆ ಹೆದರಬೇಡಿ. ಯಾವ ಮಾತಿಗೆ ಲೋಟ ಎತ್ತಿದೆ, ಯಾವ ಮಾತಿಗೆ ಕನ್ನಡಕ ತೆಗೆದೆ ಅನ್ನುವುದರಲ್ಲಿ ನಾಟಕದವರೇ ಗಟ್ಟಿ, ತಾಲೀಮಿನಲ್ಲಿ ರೂಢಿ ಆಗಿರುತ್ತದೆ. ಹೊಸ ಹುಡುಗರದ್ದೇ ಗೋಳು.

ಮಲೆನಾಡ_ಹುಡುಗಿ:
ಸೀನ್ ಹಿಂದೆ ಮುಂದೆ ತೆಗೆಯುವುದಕ್ಕೆ ನಾನು ಮಾಡುವುದು: ಸ್ಕ್ರಿಪ್ಟ್ ಪೂರ್ತಿ ಕೇಳಿ ಇಸಿದುಕೊಂಡು ನನ್ನ ಸೀನ್‌ಗಳನ್ನು ಕಥೆಯ ಕ್ರಮದಲ್ಲಿ ಬರೆದುಕೊಳ್ಳುತ್ತೇನೆ. ಪ್ರತಿಯೊಂದರ ಪಕ್ಕ "ಇದಕ್ಕೆ ಹತ್ತು ನಿಮಿಷ ಮುಂಚೆ ಇವಳು ಏನು ಮಾಡುತ್ತಿದ್ದಳು" ಅಂತ ಒಂದು ಸಾಲು. ಅಳುವ ಸೀನ್ ಮೊದಲ ದಿನವೇ ಬಂದರೆ ಆ ಒಂದು ಸಾಲನ್ನು ಹಿಡಿದುಕೊಳ್ಳಬಹುದು. ತಾಲೀಮು ಸಿಗುವುದಿಲ್ಲ, ಮನೆಯಲ್ಲೇ ಒಬ್ಬರೇ ಮಾಡಿಕೊಳ್ಳಬೇಕು.

ಫಿಲ್ಮ್_ರೋಲ್:
ನಿಮಗೆಲ್ಲ ಈಗ ಡಿಜಿಟಲ್, ಎಷ್ಟು ಬೇಕಾದರೂ ಟೇಕ್. 400 ಅಡಿ ರೋಲ್ ಹಾಕಿದರೆ ನಾಲ್ಕು ನಿಮಿಷ ಚಿಲ್ಲರೆ ಓಡುತ್ತಿತ್ತು. ಮಾತು ತಪ್ಪಿದರೆ ಪ್ರೊಡ್ಯೂಸರ್ ಮುಖ ನೋಡಬೇಕಿತ್ತು. ಆಗ ಕಂಪನಿಯವರು ಬೇಕಾಗುತ್ತಿದ್ದದ್ದು ಇದಕ್ಕೂ ಹೌದು. ಒಂದೇ ಟೇಕ್‌ನಲ್ಲಿ ಪೂರ್ತಿ ಪುಟ ಒಪ್ಪಿಸುತ್ತಿದ್ದರು.

ಹಳೇ_ಕಂಪನಿ:
ಕೊನೆಗೂ ಒಬ್ಬ ಮನುಷ್ಯ ಮಾತಾಡಿದ.

ಸೈಡ್‌ವಿಂಗ್ (ಮೈಸೂರು):
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಬಹುದಾ? ನಮ್ಮದು ಸಿಂಕ್ ಸೌಂಡ್ ಅಲ್ಲ, ಡಬ್ಬಿಂಗ್ ಇದೆಯಂತೆ. ಅದಕ್ಕೆ ಬೇರೆ ದುಡ್ಡು ಕೇಳಬಹುದಾ, ಒಟ್ಟು ಪೇಮೆಂಟ್‌ನಲ್ಲೇ ಸೇರಿರುತ್ತದಾ?

ಬೂಮ್_ಹಿಡಿಯೋನು:
ಮಾತಾಡದಿದ್ದರೆ ಸೇರಿದೆ ಅಂತಲೇ ಅಂದುಕೊಳ್ಳುತ್ತಾರೆ. ದುಡ್ಡಿಗಿಂತ ಮುಖ್ಯ, ನಿಮ್ಮ ಪಾತ್ರಕ್ಕೆ ನಿಮ್ಮದೇ ದನಿ ಅಂತ ಈಗಲೇ ಬರವಣಿಗೆಯಲ್ಲಿ ಹಾಕಿಸಿ. ಡಬ್ಬಿಂಗ್ ದಿನ ನಿಮಗೆ ಬೇರೆ ಊರಲ್ಲಿ ಪ್ರಯೋಗ ಇದ್ದರೆ, ಅಲ್ಲಿದ್ದ ಯಾರನ್ನೋ ನಿಲ್ಲಿಸಿ ಮುಗಿಸಿಬಿಡುತ್ತಾರೆ.

ದಿನಕ್ಕೊಂದು_ಎಪಿಸೋಡ್:
ನನಗೆ ಆಗಿದೆ ಇದು. ಅಮ್ಮನೇ ಫೋನ್ ಮಾಡಿ "ಯಾರದೇ ಅದು ದನಿ?" ಅಂತ ಕೇಳಿದರು.

ಸುಮ್ನೆ_ಬಂದೆ:
ನಾನು ಮೊದಲೇ ಹೇಳಿದೆ, ಪೇಮೆಂಟ್ ನೋಡ್ಕೊಳ್ಳಿ ಅಂತ.

ಮಾಡರೇಟರ್:
ಡಬ್ಬಿಂಗ್ ಮತ್ತು ಅಗ್ರಿಮೆಂಟ್ ವಿಷಯಕ್ಕೆ ಹೊಸ ಥ್ರೆಡ್ ಶುರು ಮಾಡಿ, ಉಳಿದವರಿಗೂ ಬೇಕಾಗುತ್ತದೆ.